ಶಿವರಾತ್ರಿಯ ದಿನ ಹಾಕಿದ ಸಹಿ: ಪ್ರಾಜೆಕ್ಟ್ ಡೈರಿ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಮಾನ್ಯ ಪ್ರಾಂಶುಪಾಲರು, ವಿಭಾಗ ಮುಖ್ಯಸ್ಥರು ಹಾಗೂ ಪ್ರಾಜೆಕ್ಟ್ ಕೋಆರ್ಡಿನೇಟರುಗಳಿಗೆ

ವಿಷಯ: ಅಂತಿಮ ವರ್ಷದ ಪ್ರಾಜೆಕ್ಟುಗಳ ವಾರದ ಪ್ರಗತಿ ವರದಿಯನ್ನು ನಿಜವಾಗಿ ವಾರವಾರವೂ ಬರೆಸುವ, ಓದುವ ಬಗ್ಗೆ ಮನವಿ

ಮಾನ್ಯರೇ,

ನಾನು ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಹದಿಮೂರು ವರ್ಷದಿಂದ ಪಾಠ ಮಾಡುತ್ತಿರುವ ಸಹಾಯಕ ಪ್ರಾಧ್ಯಾಪಕಿ. ನಿಮ್ಮನ್ನು ಏನಾದರೂ ಕೇಳುವ ಮೊದಲು ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

2024ರ ಮೇ ತಿಂಗಳ ಕೊನೆಯ ವಾರ. ವೈವಾಕ್ಕೆ, ಅಂದರೆ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಗೆ, ಎರಡು ದಿನ ಬಾಕಿ. ಊಟ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಮೇಜಿನ ಮೇಲೆ ನಾನು ಗೈಡ್ ಆಗಿದ್ದ ಆರು ಬ್ಯಾಚಿನ ಆರು ಪ್ರಾಜೆಕ್ಟ್ ಡೈರಿ, ಅಂದರೆ ವಿದ್ಯಾರ್ಥಿಗಳ ಗುಂಪು ತನ್ನ ವಾರವಾರದ ಪ್ರಗತಿ ಬರೆಯುವ ಪುಸ್ತಕ. ಒಂದೊಂದರಲ್ಲೂ 14 ವಾರ, ವಾರಕ್ಕೊಂದು ಗೈಡ್ ಸಹಿ. ಬಾಗಿಲ ಬಳಿ ನಿಂತಿದ್ದ ಹುಡುಗ, "ಮೇಡಂ, ಒಂದೇ ಸಲ ಎಲ್ಲಾ ಸೈನ್ ಹಾಕ್ಕೊಟ್ಬಿಡಿ, ನಾಲ್ಕು ಗಂಟೆಯೊಳಗೆ ಆಫೀಸಿಗೆ ಕೊಡ್ಬೇಕಂತೆ" ಅಂದ. ಹಾಕಿದೆ. 84 ಸಹಿ. ಮಕ್ಕಳು ಬುದ್ಧಿ ಓಡಿಸಿದ್ದರು. ಒಂದು ವಾರ ನೀಲಿ ಶಾಯಿ, ಇನ್ನೊಂದು ವಾರ ಕಪ್ಪು, ನಡುವೆ ಎರಡು ವಾರ ಜೆಲ್ ಪೆನ್ನು. ಒಂದೇ ರಾತ್ರಿ ಬರೆದದ್ದೆಂದು ಗೊತ್ತಾಗದಿರಲಿ ಎಂದು ಹಾಸ್ಟೆಲಿನಲ್ಲಿ ಪೆನ್ನು ಬದಲಾಯಿಸುತ್ತಾ ಕೂತಿದ್ದರು. ಒಂದು ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು. "ನಾಲ್ಕನೇ ವಾರ, 08-03-2024: ಲ್ಯಾಬಿನಲ್ಲಿ ಗೈಡ್ ಜೊತೆ ಸರ್ಕ್ಯೂಟ್ ಬಗ್ಗೆ ಚರ್ಚಿಸಲಾಯಿತು." ಅಂದು ಮಹಾಶಿವರಾತ್ರಿ. ಕಾಲೇಜಿಗೆ ರಜೆ. ನಾನು ಊರಿನ ದೇವಸ್ಥಾನದಲ್ಲಿ ಅಮ್ಮನ ಪಕ್ಕ ಜಾಗರಣೆ ಕೂತಿದ್ದೆ. ಆ ಸಾಲಿನ ಕೆಳಗೂ ಸಹಿ ಹಾಕಿ ಪುಟ ತಿರುವಿದೆ.

ಆ ಸಹಿ ಇವತ್ತಿಗೂ ನನ್ನನ್ನು ಕಾಡುತ್ತದೆ. ಒಂದು ಸುಳ್ಳು ದಾಖಲೆಗೆ ರುಜು ಹಾಕಿದೆನೆಂಬುದು ಒಂದು ಸಂಕಟ. ಅದಕ್ಕಿಂತ ದೊಡ್ಡದು, ಆ ಡೈರಿಯೊಳಗೆ ಇರಬೇಕಾಗಿದ್ದ ನಿಜ ಕಾಣದೆ ಹೋದದ್ದು.

ಅದೇ ಆರರಲ್ಲಿ ಒಂದು ಬ್ಯಾಚು ಅಡಿಕೆ ತೋಟಕ್ಕೆ ಹನಿ ನೀರಾವರಿಯ ವಾಲ್ವನ್ನು ತಾನಾಗಿ ತೆರೆದು ಮುಚ್ಚುವ ಸಾಧನ ಮಾಡುತ್ತಿತ್ತು. ಮಣ್ಣಿನ ತೇವ ಅಳೆಯುವ ಸೆನ್ಸರ್, ಅದರ ಅಂಕಿ ಓದುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಮೊಬೈಲಿನಲ್ಲಿ ರೀಡಿಂಗ್ ನೋಡಲು ವೈಫೈ. ಸೆನ್ಸರನ್ನು ಬರೀ ಬೋರ್ಡಿಗೆ ಜೋಡಿಸಿದರೆ ಸರಿಯಾದ ಅಂಕಿ ಬರುತ್ತಿತ್ತು. ವೈಫೈ ಶುರು ಮಾಡಿದ ಕೂಡಲೇ ಕೆಡುತ್ತಿತ್ತು. ಒಣ ಮಣ್ಣಿನಲ್ಲಿಟ್ಟರೂ, ನೀರಿನ ಲೋಟದಲ್ಲಿ ಅದ್ದಿದರೂ ಒಂದೇ ಅಂಕಿ. ಸೆನ್ಸರ್ ಹಾಳಾಗಿದೆಯೆಂದು ಹೊಸದು ತಂದರು. ಬೋರ್ಡ್ ಸುಟ್ಟಿದೆಯೆಂದು ಮನೆಯಿಂದ ದುಡ್ಡು ತರಿಸಿ ಇನ್ನೊಂದು ಬೋರ್ಡ್ ತಂದರು. ಮೂರು ವಾರ ಹೋಯಿತು. ಆ ಮೂರು ವಾರಕ್ಕೂ ಡೈರಿಯಲ್ಲಿ ಇದ್ದದ್ದು ಒಂದೇ ಸಾಲು: "ಸೆನ್ಸರ್ ಇಂಟಿಗ್ರೇಶನ್ ಪ್ರಗತಿಯಲ್ಲಿದೆ."

ಈ ಬೋರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಉತ್ತರ ಗೊತ್ತು. ಇಎಸ್‌ಪಿ32ರಲ್ಲಿ ಅನಲಾಗ್ ಸಿಗ್ನಲ್ ಓದುವ ಎರಡು ಘಟಕಗಳಿವೆ. ಎರಡನೆಯದನ್ನು, ಅಂದರೆ ಎಡಿಸಿ2 ಅನ್ನು, ವೈಫೈ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ವೈಫೈ ಚಾಲೂ ಇರುವಾಗ ಆ ಪಿನ್ನುಗಳಿಂದ ಓದಿದ ಅಂಕಿಯನ್ನು ನಂಬುವ ಹಾಗಿಲ್ಲ. ವೈರನ್ನು ಕಿತ್ತು ಮೊದಲನೇ ಘಟಕದ ಪಿನ್ನಿಗೆ, 34ಕ್ಕೋ 35ಕ್ಕೋ ಹಾಕಿ, ಕೋಡಿನಲ್ಲಿ ಪಿನ್ ನಂಬರ್ ಬದಲಾಯಿಸಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. "ವೈಫೈ ಹಾಕಿದರೆ ರೀಡಿಂಗ್ ಕೆಡುತ್ತದೆ, ಯಾಕೆಂದು ತಿಳಿಯುತ್ತಿಲ್ಲ" ಎಂದು ಯಾವುದಾದರೂ ಒಂದು ಶುಕ್ರವಾರ ಬರೆದಿದ್ದರೆ ನಾನಲ್ಲದಿದ್ದರೂ ಲ್ಯಾಬ್ ಇನ್‌ಸ್ಟ್ರಕ್ಟರ್ ಹೇಳಿಬಿಡುತ್ತಿದ್ದರು. ಯಾಕೆ ಬರೆಯಲಿಲ್ಲವೆಂದು ವೈವಾ ಮುಗಿದ ಮೇಲೆ ಕೇಳಿದೆ. ಆ ಬ್ಯಾಚಿನ ಹುಡುಗಿ ಕೊಟ್ಟ ಉತ್ತರ: "ಆಗಿಲ್ಲ ಅಂತ ಬರೆದ್ರೆ ಮಾರ್ಕ್ಸ್ ಕಟ್ ಆಗತ್ತೆ ಅಂದ್ರು ಸೀನಿಯರ್ಸು, ಮೇಡಂ."

ಸೀನಿಯರ್ಸ್ ಹೇಳಿದ್ದು ಸುಳ್ಳಾಗಿರಲಿಲ್ಲ. ನಮ್ಮಲ್ಲಿ ಸಿಐಇ (ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನ) ಅಂಕ ಹಾಕುವ ರೂಬ್ರಿಕ್ಸಿನಲ್ಲಿ, ಅಂದರೆ ಯಾವುದಕ್ಕೆ ಎಷ್ಟು ಅಂಕವೆಂಬ ಪಟ್ಟಿಯಲ್ಲಿ, "ವಾರದ ಪ್ರಗತಿ" ಎಂಬ ಕಾಲಂ ಇದೆ. ಕೆಲಸ ಮುಂದೆ ಹೋಗಿದ್ದರೆ ಪೂರ್ತಿ ಅಂಕ, ನಿಂತಿದ್ದರೆ ಕಡಿಮೆ. ಈ ಕಾಲಂ ಇರುವವರೆಗೂ ಯಾವ ವಿದ್ಯಾರ್ಥಿಯೂ ನಿಂತಿದೆಯೆಂದು ಬರೆಯುವುದಿಲ್ಲ, ಬರೆಯಬೇಕೆಂದು ನಿರೀಕ್ಷಿಸುವುದು ಅನ್ಯಾಯ ಕೂಡ. ಡಾಕ್ಟರ ಹತ್ತಿರ ಜ್ವರವಿದೆ ಅಂದರೆ ದಂಡ ಹಾಕುತ್ತಾರೆ ಎನ್ನುವಂತಿದ್ದರೆ ಊರಿನಲ್ಲಿ ಯಾರಿಗೂ ಜ್ವರವೇ ಇರುವುದಿಲ್ಲ. ನಮ್ಮ ಡೈರಿಗಳಲ್ಲಿ ಹದಿನಾಲ್ಕು ವಾರವೂ ಎಲ್ಲ ಬ್ಯಾಚುಗಳೂ ಆರೋಗ್ಯವಾಗಿರುವುದು ಹೀಗೆ.

ಮಾನ್ಯರೇ, ಡೈರಿಯ ಇನ್ನೊಂದು ದೋಷ ಅದರ ಭಾಷೆಯಲ್ಲೇ ಇದೆ. "ಮಾಡಲಾಯಿತು", "ಚರ್ಚಿಸಲಾಯಿತು", "ಪರಿಶೀಲಿಸಲಾಯಿತು". ಯಾರು ಮಾಡಿದರು? ನಾಲ್ವರ ಬ್ಯಾಚಿನಲ್ಲಿ ಬೆಸುಗೆ ಹಾಕಿದ್ದು ಯಾರು, ಕೋಡ್ ಬರೆದದ್ದು ಯಾರು, ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಬಿಡಿಭಾಗ ಹುಡುಕಿ ತಂದದ್ದು ಯಾರು? ಒಂದೇ ಪುಟ, ಒಂದೇ ಬರವಣಿಗೆ, ಕೆಳಗೆ ನಾಲ್ಕು ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ). ಕೊನೆಗೆ ನಾಲ್ವರಿಗೂ ಹೆಚ್ಚುಕಡಿಮೆ ಅದೇ ಅಂಕ.

ಗುಂಪಿನಲ್ಲಿ ಒಬ್ಬೊಬ್ಬರ ದುಡಿಮೆ ಕರಗುವುದು ಹೊಸ ಸಂಗತಿಯೇನಲ್ಲ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಇಂಜಿನಿಯರ್ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೇ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದಿದ್ದ. 1913ರಲ್ಲಿ ಪ್ರಕಟಿಸಿದ ಅವನ ಲೆಕ್ಕದ ಪ್ರಕಾರ ಎಂಟು ಮಂದಿ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗಿನ ಅರ್ಧದಷ್ಟಕ್ಕೆ ಇಳಿಯುತ್ತದೆ. ಒಂದಿಷ್ಟು ನಷ್ಟ ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲಾಗದ್ದರಿಂದ, ಒಂದಿಷ್ಟು ತನ್ನ ಪಾಲು ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಸಡಿಲದಿಂದ. ಊರ ಹಬ್ಬದ ಹಗ್ಗಜಗ್ಗಾಟದಲ್ಲಿ ಹಿಂದೆ ನಿಂತವರು ಹಗ್ಗ ಹಿಡಿದುಕೊಂಡಷ್ಟೇ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಪ್ರಾಜೆಕ್ಟ್ ಡೈರಿ ಆ ಹಿಂದಿನ ಸಾಲನ್ನು ಇನ್ನಷ್ಟು ಕತ್ತಲಿಗೆ ತಳ್ಳುತ್ತದೆ.

ಹಾಗೆಂದು ಹಿಂದೆ ಬಿದ್ದವರೆಲ್ಲ ಸೋಮಾರಿಗಳೆಂದು ನಾನು ಹೇಳಲಾರೆ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಾನು ಅನ್ಯಾಯ ಮಾಡಿದ್ದು ಇಲ್ಲೇ. ಒಂದು ಬ್ಯಾಚಿನ ಮೂವರು ಬಂದು, "ಇವನೇನೂ ಮಾಡ್ತಿಲ್ಲ ಮೇಡಂ, ಹೆಸರಿಗೆ ಮಾತ್ರ ಇದ್ದಾನೆ" ಎಂದು ನಾಲ್ಕನೆಯವನ ಮೇಲೆ ದೂರು ಹೇಳಿದರು. ಅದು ಹನ್ನೆರಡನೇ ವಾರ. ನಾನು ಅವನನ್ನು ಕರೆದು ಎಲ್ಲರೆದುರು ಬೈದೆ. ತಲೆ ತಗ್ಗಿಸಿ ನಿಂತಿದ್ದ. ಅವನು ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ನೇರ ಸೇರಿದವನು, ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಊರಿನಿಂದ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಲು ಬೇರೆ ಗಂಡುದಿಕ್ಕಿಲ್ಲವೆಂದು ನನಗೆ ತಿಳಿದದ್ದು ರಿಸಲ್ಟ್ ಬಂದ ಮೇಲೆ, ಇನ್ನಾರದೋ ಬಾಯಿಂದ. ಅದೇ ವಿಭಾಗದ ಹುಡುಗಿಯರಿಗೆ ಇನ್ನೊಂದು ಕಷ್ಟ. ಲ್ಯಾಬ್ ಖಾಲಿ ಸಿಗುವುದು ಸಂಜೆ ಐದರ ಮೇಲೆ, ಹಾಸ್ಟೆಲ್ ಗೇಟು ಮುಚ್ಚುವುದು ಆರೂವರೆಗೆ. ಹುಡುಗರು ರಾತ್ರಿ ಒಂಬತ್ತರವರೆಗೆ ಕೂತು ಹಾರ್ಡ್‌ವೇರ್ ಮಾಡುತ್ತಾರೆ, ಹುಡುಗಿಯರ ಪಾಲಿಗೆ ರಿಪೋರ್ಟ್ ಟೈಪಿಂಗ್ ಮತ್ತು ಪಿಪಿಟಿ ಬರುತ್ತದೆ. ಹದಿನಾಲ್ಕು ವಾರದ ಡೈರಿಯಲ್ಲಿ ಆ ಅಪ್ಪನಿಗಾಗಲೀ ಆ ಗೇಟಿಗಾಗಲೀ ಒಂದು ಸಾಲಿನ ಜಾಗವಿಲ್ಲ. "ಈ ವಾರ ನಾನು ಏನು ಮಾಡಲಾಗಲಿಲ್ಲ, ಯಾಕೆ" ಎಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಕೇಳಿದ್ದರೆ ಎರಡನೇ ವಾರಕ್ಕೇ ತಿಳಿಯುತ್ತಿತ್ತು. ಆ ಹುಡುಗನಿಗೆ ಮನೆಯಲ್ಲೇ ಕೂತು ಮಾಡಬಹುದಾದ ಕೋಡಿಂಗ್ ಭಾಗ ಕೊಡಬಹುದಿತ್ತು. ಹುಡುಗಿಯರಿಗೆ ಮಧ್ಯಾಹ್ನ ಲ್ಯಾಬ್ ಬಿಡಿಸಿಕೊಡಬಹುದಿತ್ತು.

ಡೈರಿ ಯಾಕೆ ಹೀಗಾಯಿತೆಂಬುದು ನಿಮಗೂ ಗೊತ್ತು. 2014ರಲ್ಲಿ, ಇಂಜಿನಿಯರಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮೂಲಕ, ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವ ಪಡೆಯಿತು; ಇಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಒಪ್ಪಂದ ಅದು. ವಿದ್ಯಾರ್ಥಿ ಏನು ಕಲಿತನೆಂದು ತೋರಿಸುವ ಹನ್ನೆರಡು ಫಲಿತಗಳ ಪಟ್ಟಿ ನಮ್ಮ ಗೋಡೆಗಳ ಮೇಲೆ ಬಂತು. ಆಗಿನ ಆ ಪಟ್ಟಿಯಲ್ಲಿ ಒಂಬತ್ತನೆಯದು ವ್ಯಕ್ತಿಯಾಗಿ ಮತ್ತು ತಂಡದಲ್ಲಿ ದುಡಿಯುವುದಾಗಿತ್ತು, ಹತ್ತನೆಯದು ಸಂವಹನ, ಹನ್ನೊಂದನೆಯದು ಪ್ರಾಜೆಕ್ಟ್ ನಿರ್ವಹಣೆ. ಈ ಮೂರನ್ನೂ ಕಲಿಸಲು ವಾರದ ವರದಿಗಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಆ ಆಶಯದ ಮೇಲೆ ನನ್ನ ತಕರಾರಿಲ್ಲ. ಆದರೆ ಕಾಲೇಜಿನೊಳಗೆ ಬರುವಷ್ಟರಲ್ಲಿ ಅದು ಫೈಲಾಯಿತು. ಮಾನ್ಯತೆಗಾಗಿ ಭೇಟಿಗೆ ಬರುವ ಸಮಿತಿಗೆ ತೋರಿಸಲು ಡೈರಿ, ಡೈರಿಗೆ ಸಹಿ, ಸಹಿಗೆ ಸೀಲು. ಆ ಸಮಿತಿ ಸುಳ್ಳು ಬರೆಯಿರಿ ಎಂದು ಯಾವತ್ತೂ ಕೇಳಿಲ್ಲ. ಖಾಲಿ ಪುಟ ಕಂಡರೆ ಭಯಪಟ್ಟದ್ದು ನಾವು.

ಈಗ ಈ ಡೈರಿಗೆ ಪೆನ್ನು ಬದಲಾಯಿಸುವ ಶ್ರಮವೂ ಬೇಕಿಲ್ಲ. ಹೋದ ವರ್ಷ ನನಗೆ ಬಂದ ವರದಿಗಳಲ್ಲಿ ಎರಡು ಬ್ಯಾಚಿನವು ಚಂದದ ಇಂಗ್ಲಿಷಿನಲ್ಲಿದ್ದವು, ಒಂದು ಕಾಗುಣಿತ ತಪ್ಪಿಲ್ಲ. ಓದಿದರೆ ಒಂದು ಪಿನ್ ನಂಬರಿಲ್ಲ, ಒಂದು ವೋಲ್ಟೇಜಿಲ್ಲ, ಸುಟ್ಟ ಒಂದು ರೆಸಿಸ್ಟರಿಲ್ಲ. ಚಾಟ್‌ಜಿಪಿಟಿಗೆ ಪ್ರಾಜೆಕ್ಟಿನ ಹೆಸರು ಕೊಟ್ಟು ಹದಿನಾಲ್ಕು ವಾರದ ಪ್ರಗತಿ ಬರೆಸಿದ್ದರು. ಮಕ್ಕಳ ಮೇಲೆ ಸಿಟ್ಟು ಬರಲಿಲ್ಲ, ದುಃಖವಾಯಿತು. ಯಾರೂ ಓದುವುದಿಲ್ಲವೆಂದು ಗೊತ್ತಿರುವ ಕಾಗದಕ್ಕೆ ಅವರು ಎಷ್ಟು ಹೊತ್ತು ಕೊಡಬೇಕೋ ಅಷ್ಟನ್ನೇ ಕೊಟ್ಟಿದ್ದರು.

ಹಾಗಾಗಿ ನನ್ನ ಬ್ಯಾಚುಗಳಲ್ಲಿ ಒಂದು ಬದಲಾವಣೆ ಮಾಡಿ ನೋಡಿದೆ. ಶುಕ್ರವಾರ ಮಧ್ಯಾಹ್ನ ಪ್ರತಿ ಬ್ಯಾಚಿಗೆ 15 ನಿಮಿಷ. ಲ್ಯಾಬಿನಲ್ಲೇ, ಬೋರ್ಡಿನ ಸುತ್ತ ನಿಂತುಕೊಂಡು. ಪ್ರತಿಯೊಬ್ಬರೂ ತಮ್ಮ ಕೈಬರಹದಲ್ಲಿ ಅರ್ಧ ಪುಟ ತರಬೇಕು. ಮೂರೇ ಪ್ರಶ್ನೆ: ಈ ವಾರ ನಾನು ನನ್ನ ಕೈಯಾರೆ ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಮುಂದಿನ ಶುಕ್ರವಾರದೊಳಗೆ ಯಾರಿಂದ ಏನು ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಮಕ್ಕಳು ನಾಳೆ ದಿನಾ ಬೆಳಿಗ್ಗೆ ನಿಂತು ಹೇಳಬೇಕಾದದ್ದೂ ಬಹುಮಟ್ಟಿಗೆ ಇದನ್ನೇ. ಕನ್ನಡದಲ್ಲಿ ಬರೆಯಬಹುದು, ಇಂಗ್ಲಿಷಿನಲ್ಲಿ ಬರೆಯಬಹುದು, ಕಲಸಿ ಬರೆಯಬಹುದು. ಪ್ರತಿ ಹಾಳೆಯ ಕೆಳಗೆ ಅಲ್ಲೇ, ಅವರೆದುರಿಗೇ, ನಾನು ಒಂದು ಸಾಲಿನ ಉತ್ತರ ಬರೆಯಬೇಕು.

ಮೊದಲ ಎರಡು ವಾರ ಹಳೆಯ ಸಾಲುಗಳೇ ಬಂದವು. ಮೂರನೇ ವಾರ ಒಬ್ಬ ಹುಡುಗ ಹಾಳೆ ಮುಂದಿಟ್ಟ. ಕನ್ನಡದಲ್ಲಿತ್ತು: "ಈ ವಾರ ನಾನು ಏನೂ ಮಾಡಿಲ್ಲ. ಡೇಟಾಶೀಟ್ ಓದಿದೆ, ಅರ್ಥ ಆಗಲಿಲ್ಲ. ಕೇಳಲು ನಾಚಿಕೆ ಆಯಿತು." ಓದಿ ಹೇಳುವಾಗ ಅವನ ದನಿ ನಡುಗುತ್ತಿತ್ತು. ಉಳಿದ ಮೂವರು ಸುಮ್ಮನಿದ್ದರು. ಆಮೇಲೆ ಅವರಲ್ಲೊಬ್ಬ, "ನಂಗೂ ಆ ಟೈಮಿಂಗ್ ಡಯಾಗ್ರಾಂ ಅರ್ಥ ಆಗಿಲ್ಲ ಕಣೋ, ನೀನು ಅರ್ಥ ಮಾಡ್ಕೊಂಡಿದ್ದೀಯ ಅಂದ್ಕೊಂಡಿದ್ದೆ" ಅಂದ. ಅಂದು ಆ ಬ್ಯಾಚಿಗೆ ಹದಿನೈದು ನಿಮಿಷ ಸಾಲಲಿಲ್ಲ. ಕರಿಹಲಗೆಯ ಮುಂದೆ ನಾವು ಐವರೂ ಒಂದು ಗಂಟೆ ನಿಂತೆವು. ಆ ಹುಡುಗನ ಹಾಳೆಯ ಕೆಳಗೆ ನಾನು ಬರೆದದ್ದು ನೆನಪಿದೆ: "ಒಳ್ಳೆಯದಾಯಿತು ಬರೆದದ್ದು."

ಎಲ್ಲವೂ ಸರಿಹೋಯಿತೆಂದು ಹೇಳಿದರೆ ಇದೂ ಇನ್ನೊಂದು ಡೈರಿಯಾದೀತು. ಒಂದು ಬ್ಯಾಚಿನ ಸಾಧನ ಕೊನೆಗೂ ಕೆಲಸ ಮಾಡಲಿಲ್ಲ. ಇನ್ನೊಂದರಲ್ಲಿ ಹಾಳೆಗಳಿಂದಲೇ ಜಗಳ ಹತ್ತಿತು, ತಾನೇ ಎಲ್ಲ ಮಾಡುತ್ತಿದ್ದೇನೆಂದು ಕಂಡ ಹುಡುಗಿ ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ನನ್ನ ಲ್ಯಾಬ್ ಡ್ಯೂಟಿಗಳ ನಡುವೆ ಆರು ಬ್ಯಾಚಿಗೆ ಒಂದೂವರೆ ಗಂಟೆ ಹೊಂದಿಸಲು ಎಷ್ಟೋ ಶುಕ್ರವಾರ ಊಟ ಬಿಟ್ಟಿದ್ದೇನೆ. ಆದರೆ ಕೆಲಸ ಮಾಡದ ಆ ಸಾಧನದ ನಾಲ್ವರೂ ವೈವಾದಲ್ಲಿ ಅದು ಯಾಕೆ ಕೆಲಸ ಮಾಡಲಿಲ್ಲವೆಂದು ಸರ್ಕ್ಯೂಟ್ ಬರೆದು ತೋರಿಸಿದರು. ಒಬ್ಬೊಬ್ಬರೂ ತಮ್ಮ ಭಾಗವನ್ನು ತಾವೇ ವಿವರಿಸಿದರು. ಹದಿಮೂರು ವರ್ಷದಲ್ಲಿ ನನ್ನ ಬ್ಯಾಚಿನ ನಾಲ್ವರೂ ಮಾತಾಡಿದ ಇಂಥ ವೈವಾ ಬೆರಳೆಣಿಕೆಯಷ್ಟು.

ಮಾನ್ಯರೇ, ಇದನ್ನು ನಾನೊಬ್ಬಳೇ ಊಟ ಬಿಟ್ಟು ಮಾಡಿದರೆ ಸಾಲದು. ಒಬ್ಬ ಗೈಡಿನ ಹಟದ ಮೇಲೆ ನಿಂತ ಕ್ರಮ ಆ ಗೈಡ್ ರಜೆ ಹಾಕಿದ ವಾರವೇ ಬಿದ್ದುಹೋಗುತ್ತದೆ. ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆಗಳನ್ನು ಇಡುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ವಾರದ ವರದಿಗೆ ಅಂಕ ಹಾಕುವುದಿದ್ದರೆ ಅದು ಸಮಯಕ್ಕೆ ಬಂದಿದೆಯೇ, ವಿವರವಾಗಿ ಬರೆದಿದ್ದಾರೆಯೇ ಎಂಬುದಕ್ಕೆ ಇರಲಿ. ಕೆಲಸ ಮುಂದೆ ಹೋಯಿತೇ ನಿಂತಿತೇ ಎಂಬುದಕ್ಕೆ ಬೇಡ. ಮುಗಿದ ಕೆಲಸವನ್ನು ಅಳೆಯಲು ರಿವ್ಯೂಗಳಿವೆ, ವೈವಾ ಇದೆ. ರೂಬ್ರಿಕ್ಸಿನ ಒಂದು ಕಾಲಂ ಬದಲಾಯಿಸುವುದಕ್ಕೆ ಖರ್ಚಿಲ್ಲ. ಈ ಪತ್ರದಲ್ಲಿ ಒಂದೇ ಮಾತನ್ನು ಒಪ್ಪುವಿರಾದರೆ ಇದನ್ನು ಒಪ್ಪಿ, ಉಳಿದದ್ದು ನಿಧಾನಕ್ಕೆ ಆಗಲಿ.

ವರದಿ ಬ್ಯಾಚಿಗೊಂದಾಗಿರುವುದು ನಿಲ್ಲಲಿ, ಒಬ್ಬೊಬ್ಬರದೂ ಬೇರೆ ಇರಲಿ. ಅವರವರ ಭಾಷೆಯಲ್ಲಿ ಬರೆಯಲು ಲಿಖಿತ ಅನುಮತಿ ಕೊಡಿ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಬಹುದೆಂದು 2021ರಲ್ಲಿ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯೇ ಹೇಳಿದೆ. ಅರ್ಧ ಪುಟದ ವರದಿಗೆ ನಾವು ಅಡ್ಡ ನಿಲ್ಲುವುದು ಬೇಡ. ಕೊನೆಯ ರಿಪೋರ್ಟು ಇಂಗ್ಲಿಷಿನಲ್ಲೇ ಇರಲಿ. ಸಿಕ್ಕಿಹಾಕಿಕೊಂಡದ್ದನ್ನು ಹೇಳಿಕೊಳ್ಳಲು ಮನೆಯ ಮಾತು ಬೇಕು.

ಗೈಡುಗಳಿಗೆ ಟೈಂಟೇಬಲ್ಲಿನಲ್ಲಿ ಇದಕ್ಕೆಂದೇ ಗಂಟೆ ಮೀಸಲಿಡಿ, ಅದನ್ನು ವರ್ಕ್‌ಲೋಡಿನಲ್ಲಿ ಲೆಕ್ಕ ಹಾಕಿ. ಒಬ್ಬರಿಗೆ ಆರು ಬ್ಯಾಚು ಕೊಟ್ಟು ವಾರವಾರವೂ ಓದಿ ಎಂದರೆ ಮತ್ತೆ 84 ಸಹಿಯೇ ಬರುವುದು. ಪ್ರಾಜೆಕ್ಟ್ ನಡೆಯುವ ತಿಂಗಳುಗಳಲ್ಲಿ ವಾರಕ್ಕೊಂದು ಮಧ್ಯಾಹ್ನವಾದರೂ ಲ್ಯಾಬನ್ನು ಹುಡುಗಿಯರಿಗೆ ಅನುಕೂಲವಾಗುವ ಹೊತ್ತಿನಲ್ಲಿ ತೆರೆದಿಡಿಸಿ. ಬರೀ ಸಹಿ ಇದ್ದು ಉತ್ತರದ ಸಾಲು ಇಲ್ಲದ ಹಾಳೆಯನ್ನು ಕೋಆರ್ಡಿನೇಟರ್ ವಾಪಸು ಕಳಿಸಲಿ, ನನ್ನದಿದ್ದರೂ ಸರಿ.

ವೈವಾಕ್ಕೆ ಬರುವ ಎಕ್ಸ್‌ಟರ್ನಲ್ ಪರೀಕ್ಷಕರಲ್ಲೂ ಒಂದು ಕೋರಿಕೆ. ಪಿಪಿಟಿಯ ಮೂವತ್ತು ಸ್ಲೈಡ್ ನೋಡುವ ಬದಲು ಕೆಲಸ ನಿಂತುಹೋದ ಯಾವುದಾದರೂ ಒಂದು ವಾರದ ಹಾಳೆ ತೆರೆದು, "ಇಲ್ಲಿ ಏನಾಯಿತು, ಹೇಗೆ ದಾಟಿದಿರಿ?" ಎಂದು ಕೇಳಿ. ಕೈಯಿಟ್ಟು ಮಾಡಿದವರು ಯಾರೆಂದು ಐದು ನಿಮಿಷದಲ್ಲಿ ನಿಮಗೇ ತಿಳಿಯುತ್ತದೆ.

ಮತ್ತೆ, ಈ ಹಾಳೆಗಳು ಬೀರುವಿನಲ್ಲಿ ಕೂರುವುದು ಬೇಡ. ಮುಂದಿನ ವರ್ಷದ ಮಕ್ಕಳ ಕೈಗೆ ಸಿಗಲಿ. ಅಡಿಕೆ ತೋಟದ ಬ್ಯಾಚು ಹೋದ ಮರುವರ್ಷ ಅದೇ ವಿಷಯ ಆರಿಸಿಕೊಂಡ ಇನ್ನೊಂದು ಬ್ಯಾಚು ಅಗ್ಗದ ಎರಡು ಕಡ್ಡಿಯ ಸೆನ್ಸರ್ ತಂದು, ಅದಕ್ಕೆ ಹಗಲು ರಾತ್ರಿ ಕರೆಂಟ್ ಹರಿಸಿ, ಕೆಲವೇ ವಾರದಲ್ಲಿ ಕಡ್ಡಿ ಸವೆದು ಕೂತಿತು. ಹಾಗೆ ಬಿಡದೆ ಡಿಸಿ ಕರೆಂಟ್ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ಕೊಟ್ಟರೆ ಒದ್ದೆ ಮಣ್ಣಿನಲ್ಲಿ ಲೋಹ ತಿಂದುಹೋಗುತ್ತದೆ, ರೀಡಿಂಗ್ ಬೇಕಾದಾಗ ಮಾತ್ರ ಕೊಡಬೇಕು ಎಂಬುದನ್ನು ಹಿಂದಿನವರು ಆಗಲೇ ಕಷ್ಟಪಟ್ಟು ಕಲಿತಿದ್ದರು. ಅದು ಅವರ ಡೈರಿಯಲ್ಲಿ ಇರಲಿಲ್ಲ. ಅವರ ಜೊತೆ ಕಾಲೇಜು ಬಿಟ್ಟು ಹೋಗಿತ್ತು. ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಷ್ಟೋ ವರ್ಷಗಳಿಂದ ಹಣ ಕೊಡುತ್ತಾ ಬಂದಿದೆ, ಮನೆಯವರು ಸಾಲ ಮಾಡಿಯೂ ಕೊಡುತ್ತಾರೆ. ಒಂದೇ ತಪ್ಪಿಗೆ ಎರಡು ಸಲ ದುಡ್ಡು ಸುರಿಯುವುದನ್ನಾದರೂ ನಿಲ್ಲಿಸೋಣ.

ನಮ್ಮ ವಿಭಾಗಕ್ಕೆ ನಾನು ಈಗಾಗಲೇ ಒಂದು ಪತ್ರ ಬರೆದುಕೊಟ್ಟಿದ್ದೇನೆ. ಇನ್ನು ಮುಂದೆ ಹಿಂದಿನ ತಾರೀಕು ಹಾಕಿದ ಯಾವ ವರದಿಗೂ ನಾನು ಸಹಿ ಮಾಡುವುದಿಲ್ಲ. ಓದಿದ ದಿನದ ತಾರೀಕನ್ನೇ ಹಾಕುತ್ತೇನೆ, ಓದದ ವಾರದ ಜಾಗವನ್ನು ಖಾಲಿ ಬಿಡುತ್ತೇನೆ. ಸಮಿತಿ ಬಂದಾಗ ಆ ಖಾಲಿ ಜಾಗದ ಬಗ್ಗೆ ಕೇಳಿದರೆ ಉತ್ತರ ಹೇಳಲು ನಾನೇ ಬರುತ್ತೇನೆ. ಈ ಸೆಮಿಸ್ಟರಿನ ಸಿನಾಪ್ಸಿಸ್ (ಪ್ರಾಜೆಕ್ಟಿನ ಸಾರಾಂಶ) ಸಲ್ಲಿಕೆಗೆ ಮೂರು ವಾರ ಉಳಿದಿದೆ. ಅಷ್ಟರೊಳಗೆ ರೂಬ್ರಿಕ್ಸಿನ ಆ ಒಂದು ಕಾಲಂ ಬಗ್ಗೆ ನಿಮ್ಮ ನಿಮ್ಮ ಕಾಲೇಜಿನಲ್ಲಿ ಒಂದು ಸಭೆ ಕರೆಯಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಜೆಕ್ಟ್ ಗೈಡ್